ದಾಕ್ಷಿಣ್ಯವೂ ಸೂರೂ

ಚೊಚ್ಚಲ ಬಸಿರು ಎಂದೊಡನೆ ನಮ್ಮ ಕಡೆಯ ಮನೆಗಳಲ್ಲಿ ಮೊದಲು ಬರುವ ಮಾತು ತವರುಮನೆಯದು. ಕುಬುಸದ ಕಾರ್ಯ ಮುಗಿದ ಮೇಲೆ ಮಗಳನ್ನು ಕರೆತರುವುದು, ಬಾಣಂತನಕ್ಕೆ ಒಂದು ಕೋಣೆಯನ್ನು ಬಿಟ್ಟುಕೊಡುವುದು, ತೊಟ್ಟಿಲು ಕಟ್ಟುವ ಜಾಗವನ್ನು ನೋಡಿಡುವುದು, ಇವೆಲ್ಲ ಯಾರೂ ಹೇಳಿಕೊಡದೆ ನಡೆದುಬಂದ ಕ್ರಮಗಳು. ಮಗು ಹುಟ್ಟುವ ಮೊದಲೇ ಅದಕ್ಕೊಂದು ತಾವನ್ನು ಕಾದಿರಿಸುವುದು ಬಂಧುಗಳ ಹೊಣೆ ಎಂಬ ತಿಳಿವಳಿಕೆ ಈ ಕ್ರಮದ ಹಿಂದಿದೆ. ಆದರೆ ತವರೂ ಇಲ್ಲದ, ಸ್ವಂತ ಸೂರೂ ಇಲ್ಲದ ದಂಪತಿಗಳ ಮಗುವಿಗೆ ಈ ಹೊಣೆಯನ್ನು ಹೊರುವವರು ಯಾರು? ಸಮಾಜ ಹೊರಬೇಕು ಎಂದು ಹೇಳಿಬಿಡುವುದು ಸುಲಭ. ಸಮಾಜವು ಅದನ್ನು ಹೊರಲು ಮುಂದಾದಾಗ ಯಾರನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಯಾರನ್ನು ಬಿಡುತ್ತದೆ, ಪಡೆಯುವವರಿಂದ ಏನನ್ನು ಕೇಳುತ್ತದೆ ಎಂಬುದು ಕಷ್ಟದ ಪ್ರಶ್ನೆ. ಇಂಗ್ಲೆಂಡಿನ ವಸತಿ ಕಾನೂನನ್ನೂ, ಅದರ ಬಾಗಿಲಲ್ಲಿ ನಿಂತ ಒಂದು ಕನ್ನಡಿಗ ಕುಟುಂಬವನ್ನೂ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ನೋಡಬಹುದು.

ಇಂಗ್ಲೆಂಡಿನಲ್ಲಿ ಸ್ಥಳೀಯ ಕೌನ್ಸಿಲ್ಲುಗಳೂ ವಸತಿ ಸಂಘಗಳೂ ಕಡಿಮೆ ಬಾಡಿಗೆಗೆ ಕೊಡುವ ಮನೆಗಳಿಗೆ ಸಾಮಾಜಿಕ ವಸತಿ ಎಂದು ಹೆಸರು. 1966ರ ನವೆಂಬರ್ 16ರಂದು ಬಿಬಿಸಿ ದೂರದರ್ಶನದಲ್ಲಿ ಕೆನ್ ಲೋಚ್ ನಿರ್ದೇಶಿಸಿದ 'ಕ್ಯಾಥಿ ಕಮ್ ಹೋಮ್' ಎಂಬ ಚಿತ್ರ ಪ್ರಸಾರವಾಯಿತು. ಮನೆ ಕಳೆದುಕೊಂಡ ಕುಟುಂಬವೊಂದು ಹಂತಹಂತವಾಗಿ ಒಡೆದುಹೋಗಿ, ಕೊನೆಗೆ ತಾಯಿಯ ಕೈಯಿಂದ ಮಕ್ಕಳನ್ನೇ ಅಧಿಕಾರಿಗಳು ಕಿತ್ತುಕೊಳ್ಳುವ ಕಥೆ ಅದು. ಆ ದೇಶದ ಮನಸ್ಸನ್ನು ಅದು ಕಲಕಿತು. ಹನ್ನೊಂದು ವರ್ಷಗಳ ನಂತರ, 1977ರಲ್ಲಿ, ಲಿಬರಲ್ ಪಕ್ಷದ ಸಂಸದ ಸ್ಟೀಫನ್ ರಾಸ್ ಮಂಡಿಸಿದ ಖಾಸಗಿ ಮಸೂದೆಯು ನಿರ್ವಸತಿಗರ ಕಾನೂನಾಗಿ ಜಾರಿಗೆ ಬಂದಿತು. ಸೂರಿಲ್ಲದವರ ವಿಷಯದಲ್ಲಿ ಕೌನ್ಸಿಲ್ಲುಗಳಿಗೆ ನಿಶ್ಚಿತವಾದ ಹೊಣೆಯನ್ನು ವಹಿಸಿದ ಕಾನೂನು ಇದು. ಇಂದು ಅದರ ಸಾರವು 1996ರ ವಸತಿ ಕಾನೂನಿನ ಏಳನೆಯ ಭಾಗದಲ್ಲಿದೆ.

ಆ ಕಾನೂನಿನ 189ನೆಯ ಕಲಮು 'ಆದ್ಯತೆಯ ಅಗತ್ಯ' ಉಳ್ಳವರು ಯಾರು ಎಂದು ಹೇಳುತ್ತದೆ. ಪಟ್ಟಿಯ ಮೊದಲ ಹೆಸರೇ ಗರ್ಭಿಣಿಯದು. ಅದರ ಮಾತುಗಳನ್ನು ಬಿಡಿಸಿ ನೋಡಿದರೆ ಎರಡು ಸಂಗತಿಗಳು ಹೊಳೆಯುತ್ತವೆ. ಗರ್ಭಿಣಿಯೊಬ್ಬಳಿಗಷ್ಟೇ ಅಲ್ಲ, ಆಕೆಯೊಡನೆ ವಾಸಿಸುವವನಿಗೂ, ವಾಸಿಸಬೇಕೆಂದು ನ್ಯಾಯವಾಗಿ ನಿರೀಕ್ಷಿಸಬಹುದಾದವನಿಗೂ ಆ ಆದ್ಯತೆ ಸಲ್ಲುತ್ತದೆ ಎಂಬುದು ಒಂದು. ಎಷ್ಟನೆಯ ತಿಂಗಳು ಎಂಬ ಮಿತಿಯನ್ನು ಕಲಮು ಹಾಕಿಲ್ಲ ಎಂಬುದು ಇನ್ನೊಂದು. ಸರ್ಕಾರದ ಮಾರ್ಗದರ್ಶಿಯೂ ಗರ್ಭ ನಿಂತು ಎಷ್ಟು ಕಾಲವಾಯಿತು ಎಂಬುದು ಇಲ್ಲಿ ಮುಖ್ಯವಲ್ಲವೆಂದೂ, ಮಿಡ್‌ವೈಫ್ ಕೊಡುವ ಪತ್ರವೇ ಪುರಾವೆಗೆ ಸಾಕೆಂದೂ ಹೇಳುತ್ತದೆ. ಆರೋಗ್ಯವಂತರಾದ, ಮಕ್ಕಳಿಲ್ಲದ ಗಂಡ ಹೆಂಡತಿಗೆ ಸಾಮಾನ್ಯವಾಗಿ ಈ ಆದ್ಯತೆ ದೊರೆಯುವುದಿಲ್ಲ. ಹಾಗಾದರೆ ಇಲ್ಲಿ ನಡೆಯುವುದೇನು? ಇನ್ನೂ ಕಣ್ಣು ಬಿಡದ ಕೂಸು ತನ್ನ ತಂದೆತಾಯಿಗಳ ಕೈಹಿಡಿದು ಅವರನ್ನು ಬಾಗಿಲೊಳಗೆ ಕರೆದುಕೊಂಡು ಹೋಗುತ್ತದೆ.

ಈ ಕಾನೂನಿನ ಮುಂದೆ 2023ರಲ್ಲಿ ನಿಂತವರು ಪೂರ್ವ ಲಂಡನ್ನಿನಲ್ಲಿದ್ದ, ಧಾರವಾಡದ ಕಡೆಯ ಇಬ್ಬರು ಅಣ್ಣತಮ್ಮಂದಿರ ಕುಟುಂಬದವರು. ತಮ್ಮ ಗೋದಾಮೊಂದರಲ್ಲಿ ರಾತ್ರಿಪಾಳಿಯ ಕೆಲಸಗಾರ. ಆತನ ಹೆಂಡತಿ ವೃದ್ಧರ ಆರೈಕೆ ಕೇಂದ್ರದಲ್ಲಿ ದುಡಿಯುವವಳು. ಇಬ್ಬರಿಗೂ ಆ ದೇಶದಲ್ಲಿ ಕಾಯಂ ನೆಲೆಸುವ ಅನುಮತಿ ದೊರೆತಿತ್ತು. ಬಾಡಿಗೆ ಏರಿ ಇದ್ದ ಮನೆಯನ್ನು ಬಿಡಬೇಕಾಗಿ ಬಂದಾಗ ಅಣ್ಣ ತನ್ನ ಬಾಡಿಗೆಮನೆಗೆ ಕರೆದುಕೊಂಡಿದ್ದ. ಎರಡು ಮಲಗುವ ಕೋಣೆ, ಒಂದು ಪಡಸಾಲೆಯ ಮನೆ. ಒಂದು ಕೋಣೆಯಲ್ಲಿ ಅಣ್ಣ ಅತ್ತಿಗೆ, ಇನ್ನೊಂದರಲ್ಲಿ ಅವರ ಎಂಟು ಮತ್ತು ಆರು ವರ್ಷದ ಮಕ್ಕಳು, ಪಡಸಾಲೆಯಲ್ಲಿ ತಮ್ಮ ಮತ್ತು ಆತನ ಹೆಂಡತಿ. ಹೀಗೆ ಒಂದು ವರ್ಷ ಕಳೆದ ಮೇಲೆ ಆಕೆ ಗರ್ಭಿಣಿಯಾದಳು. ತಾಯಿ ತೀರಿಹೋಗಿದ್ದ ಆಕೆಗೆ ಊರಿನಲ್ಲಿ ಬಾಣಂತನ ಮಾಡುವವರು ಇರಲಿಲ್ಲ.

ಅವರು ಮೊದಲು ತಟ್ಟಿದ್ದು ಇಕ್ಕಟ್ಟಿನ ಬಾಗಿಲನ್ನು. ಇಷ್ಟು ಜನ ಇಷ್ಟು ಚಿಕ್ಕ ಮನೆಯಲ್ಲಿದ್ದಾರೆಂದರೆ ಕಾನೂನಿಗೆ ತಿಳಿಯದೇ ಇದ್ದೀತೇ ಎಂಬುದು ಅವರ ನಂಬಿಕೆ. ಆದರೆ 1985ರ ವಸತಿ ಕಾನೂನು, 1935ರಿಂದ ನಡೆದುಬಂದ ಅಳತೆಯನ್ನೇ ಉಳಿಸಿಕೊಂಡು, ಇಕ್ಕಟ್ಟನ್ನು ಬೇರೆಯೇ ರೀತಿಯಲ್ಲಿ ಎಣಿಸುತ್ತದೆ. ಪಡಸಾಲೆಯೂ ಮಲಗುವ ಕೋಣೆಯೇ. ಮೂರು ಕೋಣೆಗೆ ಐದು ಜನ. ಹತ್ತು ವರ್ಷದೊಳಗಿನ ಮಗು ಅರ್ಧ ಜನ. ಒಂದು ವರ್ಷ ತುಂಬದ ಕೂಸು ಲೆಕ್ಕಕ್ಕೇ ಇಲ್ಲ. ನಾಲ್ವರು ಹಿರಿಯರು, ಎರಡು ಅರ್ಧಗಳು ಸೇರಿ ಐದು. ಕೋಣೆಗಳ ವಿಸ್ತೀರ್ಣ ಸಾಕಷ್ಟಿದ್ದುದರಿಂದ ಆ ಮನೆ ಕಾನೂನಿನ ಕಣ್ಣಿನಲ್ಲಿ ಸರಿಯಾಗಿತ್ತು. ಮಗು ಹುಟ್ಟಿದ ಮೇಲೂ ಒಂದು ವರ್ಷದವರೆಗೆ ಸರಿಯಾಗಿಯೇ ಇರುತ್ತಿತ್ತು.

ಒಂದೇ ದೇಶದ ಎರಡು ಕಾನೂನುಗಳ ನಡುವಿನ ಈ ವೈಚಿತ್ರ್ಯವು ಗಮನಾರ್ಹವಾದುದು. ಒಂದು ಕಡೆ ಹುಟ್ಟದ ಮಗುವಿಗೆ ಪೂರ್ಣ ಬೆಲೆ, ಇನ್ನೊಂದು ಕಡೆ ಹುಟ್ಟಿ ಅಳುತ್ತಿರುವ ಮಗುವಿಗೆ ಸೊನ್ನೆ. ಕಾಯುವವರ ಪಟ್ಟಿಗೆ ಬಂದರೆ ಮೂರನೆಯ ಲೆಕ್ಕ. ಅಲ್ಲಿ ಪ್ರತಿ ಕೌನ್ಸಿಲ್ಲಿಗೂ ತನ್ನದೇ ಹಂಚಿಕೆಯ ನಿಯಮಗಳುಂಟು. 2011ರ ಕಾನೂನೊಂದರ ನಂತರ, ಇಷ್ಟು ವರ್ಷ ಆ ಪ್ರದೇಶದಲ್ಲಿ ವಾಸಿಸಿರಬೇಕು ಎಂಬಂಥ ಅರ್ಹತೆಗಳನ್ನು ಅವು ತಾವೇ ಗೊತ್ತುಪಡಿಸಬಹುದು. ಬರಲಿರುವ ಮಗುವಿಗೆಂದು ಕೆಲವು ಕೌನ್ಸಿಲ್ಲುಗಳು ಮೊದಲೇ ಕೋಣೆಯನ್ನು ಎಣಿಸುತ್ತವೆ. ಕೆಲವು ಜನನಪತ್ರವನ್ನು ಕಂಡ ಮೇಲಷ್ಟೇ ಎಣಿಸುತ್ತವೆ. 2024ರಲ್ಲಿ ಇಂಗ್ಲೆಂಡಿನ ಕಾಯುವ ಪಟ್ಟಿಗಳಲ್ಲಿ 13 ಲಕ್ಷಕ್ಕೂ ಹೆಚ್ಚು ಕುಟುಂಬಗಳಿದ್ದವು. ಬಸಿರಾದ ಮಾತ್ರಕ್ಕೆ ಕೌನ್ಸಿಲ್ ಮನೆ ಸಿಗುತ್ತದೆ ಎಂಬ ಲೋಕದ ಮಾತು ಎಷ್ಟು ಪೊಳ್ಳು ಎಂಬುದು ಇದರಿಂದ ವೇದ್ಯವಾಗುತ್ತದೆ.

ಉಳಿದದ್ದು ನಿರ್ವಸತಿಯ ಬಾಗಿಲು. ಅದರ ಒಳಗೆ ಹೋಗಲು ಬೀದಿಯಲ್ಲಿ ಮಲಗಬೇಕಾಗಿಲ್ಲ. ಇರಲು ಹಕ್ಕುಳ್ಳ, ಇರಲು ಯೋಗ್ಯವಾದ ನೆಲೆ ಇಲ್ಲದಿದ್ದರೆ ಸಾಕು. 2018ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಹೊಸ ಕಾನೂನಿನ ಪ್ರಕಾರ, 56 ದಿನಗಳೊಳಗೆ ನೆಲೆ ತಪ್ಪುವ ಸಂಭವವಿದ್ದರೂ ಕೌನ್ಸಿಲ್ ನೆರವಿಗೆ ಬರಬೇಕು. ಐದನೆಯ ತಿಂಗಳಲ್ಲಿ ದಂಪತಿಗಳು ಕೌನ್ಸಿಲ್ಲಿನ ವಸತಿ ಕಚೇರಿಗೆ ಹೋದಾಗ ಅಲ್ಲಿನ ಅಧಿಕಾರಿ ಮಿಡ್‌ವೈಫ್ ಪತ್ರವನ್ನು ನೋಡಿ ತಲೆಯಾಡಿಸಿದಳು. ಅನಂತರ, ಮನೆಯ ಯಜಮಾನರಾದ ಅಣ್ಣನಿಂದ ಒಂದು ಪತ್ರ ತರಬೇಕೆಂದಳು.

ಅಣ್ಣ ಬರೆದುಕೊಟ್ಟ ಪತ್ರ ಬಹಳ ಸೊಗಸಾಗಿತ್ತು. ತಮ್ಮನೂ ಆತನ ಹೆಂಡತಿಯೂ ಎಷ್ಟು ದಿನ ಬೇಕಾದರೂ ತನ್ನ ಮನೆಯಲ್ಲಿರಬಹುದು, ಆದರೂ ಬರಲಿರುವ ಮಗುವಿನ ಒಳಿತಿಗಾಗಿ ದಯವಿಟ್ಟು ಅವರಿಗೊಂದು ಮನೆಯನ್ನು ದಯಪಾಲಿಸಬೇಕು ಎಂದು ಬರೆದಿದ್ದ. ಅಧಿಕಾರಿ ಓದಿ ಮೃದುವಾಗಿಯೇ ಹೇಳಿದಳು: "ನಿಮ್ಮ ಅಣ್ಣ ಬಹಳ ಒಳ್ಳೆಯವರು. ಈ ಪತ್ರದ ಪ್ರಕಾರ ನಿಮಗೆ ಮನೆಯಿದೆ."

'ದಾಕ್ಷಿಣ್ಯಕ್ಕೆ ಬಸಿರಾಗಿ ಹೆರಲು ತಾವಿಲ್ಲ' ಎಂಬ ಗಾದೆಯನ್ನು ನಮ್ಮ ಹಿರಿಯರು ಹಾಸ್ಯಕ್ಕೆ ಬಳಸುವುದುಂಟು. ಇಲ್ಲಿ ಅದು ಹಾಸ್ಯವಾಗಿ ಉಳಿಯಲಿಲ್ಲ. ಹೆರಲು ತಾವಿಲ್ಲದಂತೆ ಮಾಡಿದ್ದು ದಾಕ್ಷಿಣ್ಯವೇ ಆಗಿತ್ತು.

ಪರಿಚಿತರೊಬ್ಬರು ಉಪಾಯ ಹೇಳಿಕೊಟ್ಟರು. 'ಇವತ್ತೇ ಹೊರಗೆ ಹಾಕುತ್ತಿದ್ದೇನೆ' ಎಂದು ಅಣ್ಣ ಬರೆದುಕೊಡಲಿ, ಮನೆ ಸಿಕ್ಕಮೇಲೆ ಎಲ್ಲರೂ ಒಂದಾಗಿರಿ ಎಂದು. ಅಣ್ಣ ಒಪ್ಪಲಿಲ್ಲ. ನೆರವು ಪಡೆಯಲೆಂದು ಒಳಒಪ್ಪಂದ ಮಾಡಿಕೊಂಡು ಮನೆ ಬಿಟ್ಟವರನ್ನು ಕಾನೂನು ಬುದ್ಧಿಪೂರ್ವಕ ನಿರ್ವಸತಿಗರೆಂದು ಎಣಿಸುತ್ತದೆ. ಆಗ ಕೌನ್ಸಿಲ್ಲಿನ ಪೂರ್ಣ ಹೊಣೆ ತಪ್ಪಿಹೋಗುತ್ತದೆ. ತಿಳಿದೂ ತಿಳಿದೂ ಸುಳ್ಳು ಹೇಳಿಕೆ ಕೊಡುವುದು ಅಪರಾಧವೂ ಹೌದು. ಆದರೆ ಅಣ್ಣನಿಗೆ ಆ ಹೊತ್ತಿಗೆ ಕಾನೂನು ತಿಳಿದಿರಲಿಲ್ಲ. ಬೆನ್ನಿಗೆ ಬಿದ್ದ ತಮ್ಮನನ್ನು ಹೊರಹಾಕಿದೆನೆಂದು ಸುಳ್ಳಿಗಾದರೂ ಬರೆಯಲು ಆತನ ಕೈ ಬರಲಿಲ್ಲ, ಅಷ್ಟೆ.

ಆ ಬಿಗುವನ್ನು ಬಿಡಿಸಿದವಳು ಅತ್ತಿಗೆ. ಆಸ್ಪತ್ರೆಯಲ್ಲಿ ರಾತ್ರಿ ದುಡಿದು ಹಗಲು ಮಲಗುವ ಆಕೆ ಒಂದು ವರ್ಷದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಮಕ್ಕಳಿಗೆ ಓದಿಕೊಳ್ಳಲು ಜಾಗವಿರಲಿಲ್ಲ. ಒಂದು ಸಂಜೆ ಎಲ್ಲರೂ ಕುಳಿತಿದ್ದಾಗ ಆಕೆ ವಾರಗಿತ್ತಿಯ ಕೈಯನ್ನು ಹಿಡಿದುಕೊಂಡೇ ಗಂಡನಿಗೆ ಹೇಳಿದಳು: "ನೀವು ಬರೆಯಲಾರಿರಿ. ನಾನು ಹೇಳುತ್ತೇನೆ, ಬರೆದುಕೊಳ್ಳಿ. ಈ ಮನೆಯಲ್ಲಿ ಬಾಣಂತನಕ್ಕೆ ಜಾಗವಿಲ್ಲ. ಇದು ನಿಮಗೂ ಗೊತ್ತು, ಇವಳಿಗೂ ಗೊತ್ತು. ಇಷ್ಟು ದಿನ ಯಾರೂ ಬಾಯಿಬಿಟ್ಟು ಹೇಳಲಿಲ್ಲ."

ಆ ಮಾತಿನಿಂದ ಮನೆಯಲ್ಲಿ ನೋವಾಯಿತು. ತಮ್ಮ ಎರಡು ದಿನ ಅಣ್ಣನೊಡನೆ ಮಾತನಾಡಲಿಲ್ಲ. ಆದರೆ ಎರಡನೆಯ ಪತ್ರದಲ್ಲಿ ಇದ್ದದ್ದೆಲ್ಲ ನಿಜವಾಗಿತ್ತು. ಇಬ್ಬರಿಗೆ ಇಷ್ಟು ಕಾಲ ಆಶ್ರಯ ಕೊಟ್ಟದ್ದು, ಇನ್ನು ಮುಂದೆ ಏಕೆ ಆಗದು ಎಂಬುದು, ಆರು ವಾರಗಳ ಮುಂದಿನ ಒಂದು ತಾರೀಖು, ಆ ತಾರೀಖಿನ ನಂತರ ಇಟ್ಟುಕೊಳ್ಳಲಾರೆ ಎಂಬ ಮಾತು. ಅಧಿಕಾರಿ ಅಣ್ಣನಿಗೆ ಫೋನ್ ಮಾಡಿ, ಹೆರಿಗೆಯವರೆಗೆ ಇಟ್ಟುಕೊಳ್ಳಲು ಸಾಧ್ಯವೇ ಎಂದು ಕೇಳಿದಳು. ಅದು ಆಕೆಯ ಕರ್ತವ್ಯದ ಭಾಗ. ಅಣ್ಣ ಗದ್ಗದಿತನಾದರೂ ಪತ್ರದಲ್ಲಿದ್ದುದನ್ನೇ ಹೇಳಿದ.

ಖಾಸಗಿ ಬಾಡಿಗೆಮನೆಯನ್ನು ಹುಡುಕುವ ಪ್ರಯತ್ನ ಫಲಿಸಲಿಲ್ಲ. ಗೊತ್ತಾದ ದಿನ ದಂಪತಿಗಳಿಗೆ ದೊರೆತದ್ದು ಮತ್ತೊಂದು ಬಡಾವಣೆಯ ವಸತಿಗೃಹದಲ್ಲಿ ಒಂದು ಕೋಣೆ, ಇತರರೊಡನೆ ಹಂಚಿಕೊಳ್ಳಬೇಕಾದ ಅಡುಗೆಮನೆ. ಗರ್ಭಿಣಿಯರನ್ನೂ ಮಕ್ಕಳುಳ್ಳವರನ್ನೂ ಬೇರೆ ದಾರಿಯಿಲ್ಲದಾಗ ಮಾತ್ರ, ಅದೂ ಆರು ವಾರಗಳನ್ನು ಮೀರದಂತೆ, ಇಂಥ ಕಡೆ ಇರಿಸಬಹುದೆಂದು 2004ರಿಂದ ನಿಯಮವಿದೆ. ಆರನೆಯ ವಾರ ಮುಗಿಯುವ ಮುನ್ನ ಅವರಿಗೆ ತಾತ್ಕಾಲಿಕವಾಗಿ ಒಂದು ಚಿಕ್ಕ ಫ್ಲ್ಯಾಟು ದೊರೆಯಿತು. ಆಸ್ಪತ್ರೆಯಿಂದ ಮಗುವನ್ನು ತಂದದ್ದು ಅಲ್ಲಿಗೇ. ಮೊದಲ ದಿನ ಬಿಸಿ ಅನ್ನ, ಬೆಳ್ಳುಳ್ಳಿ ಸಾರು ಹೊತ್ತು ಎರಡು ಬಸ್ಸು ಬದಲಿಸಿ ಬಂದವಳು ಅತ್ತಿಗೆ. ಶಾಶ್ವತವಾದ ಮನೆಗಾಗಿ ಅವರ ಹೆಸರು ಇನ್ನೂ ಪಟ್ಟಿಯಲ್ಲೇ ಇದೆ.

ಈ ಬಾಗಿಲಿನ ಹೊರಗೆ ಉಳಿಯುವವರೂ ಇದ್ದಾರೆಂಬುದನ್ನು ಮರೆಯಲಾಗದು. ಅದೇ ಆರೈಕೆ ಕೇಂದ್ರದಲ್ಲಿ ಆಕೆಯ ಸಹೋದ್ಯೋಗಿಯೊಬ್ಬಳು ಅದೇ ತಿಂಗಳು ಹೆರಲಿದ್ದಳು. ಅವಳದು ಅವಧಿಯುಳ್ಳ ಕೆಲಸದ ವೀಸಾ. ಸಾರ್ವಜನಿಕ ನಿಧಿಯ ನೆರವು ಸಲ್ಲದು ಎಂಬ ಷರತ್ತು ಅದರ ಮೇಲಿತ್ತು. ಅಂಥವರಿಗೆ ಕೌನ್ಸಿಲ್ ಮನೆಯೂ ಇಲ್ಲ, ನಿರ್ವಸತಿಯ ನೆರವೂ ಇಲ್ಲ. ಮಗು ಹುಟ್ಟಿದ ಮೇಲೆ, ಅದು ಸಂಕಷ್ಟದಲ್ಲಿದ್ದರೆ, 1989ರ ಮಕ್ಕಳ ಕಾನೂನಿನಡಿ ಸಮಾಜಸೇವಾ ವಿಭಾಗವನ್ನು ಕೇಳಬಹುದು. ಎರಡು ಗರ್ಭಗಳು, ಒಂದೇ ಬಗೆಯ ಕಾಯುವಿಕೆ. ಒಂದು ಕಾನೂನಿಗೆ ಕಾಣುತ್ತದೆ, ಇನ್ನೊಂದು ಕಾಣುವುದಿಲ್ಲ. ಗರ್ಭ ನಿಲ್ಲದೆ ಹೋದವರ ಪಾಡೂ ಯೋಚಿಸತಕ್ಕದ್ದೇ. ಕೌನ್ಸಿಲ್ ತೀರ್ಮಾನ ಹೇಳುವ ಮುನ್ನವೇ ಗರ್ಭ ನಷ್ಟವಾದರೆ ಆ ಆಧಾರದ ಆದ್ಯತೆ ಉಳಿಯದು. ಆದರೂ ಆಕೆಯ ದುರ್ಬಲ ಸ್ಥಿತಿಯಂಥ ಬೇರೆ ಕಾರಣಗಳನ್ನು ಪರಿಶೀಲಿಸಬೇಕೆಂದು ಮಾರ್ಗದರ್ಶಿ ಹೇಳುತ್ತದೆ. ನೆರೆಯ ಸ್ಕಾಟ್ಲೆಂಡ್ 2012ರ ಕೊನೆಯಲ್ಲಿ ಆದ್ಯತೆಯ ಪರೀಕ್ಷೆಯನ್ನೇ ಕೈಬಿಟ್ಟಿತು. ಅಲ್ಲಿ ಸೂರಿಲ್ಲ ಎಂಬುದೇ ಸಾಕಾದ ಕಾರಣ.

ಪರದೇಶದಲ್ಲಿ ನೆಲೆಸಿರುವ ಬಂಧುಗಳಲ್ಲಿ ಇಂಥ ಇಕ್ಕಟ್ಟಿನಲ್ಲಿ ಇರುವವರು ಕೆಲವು ಮಾತುಗಳನ್ನು ನೆನಪಿನಲ್ಲಿಡುವುದು ಒಳಿತು. ಕೊನೆಯ ತಿಂಗಳವರೆಗೆ ಕಾಯದೆ ಕೌನ್ಸಿಲ್ಲನ್ನು ಕೇಳಬೇಕು. ಸಲಹೆ ಪಡೆಯದೆ ಇದ್ದ ನೆಲೆಯನ್ನು ತಾವಾಗಿ ಬಿಡಬಾರದು. ವೀಸಾದ ಷರತ್ತುಗಳನ್ನು ಮೊದಲೇ ಓದಿಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಆಶ್ರಯ ಕೊಟ್ಟವರು ಇನ್ನಾಗದು ಎಂದು ನಿಜ ನುಡಿದಾಗ ಅದನ್ನು ದ್ವೇಷವೆಂದು ತಿಳಿಯಬಾರದು. ಪ್ರೀತಿಯಿರುವ ಮನೆಯಲ್ಲಿ ಕಷ್ಟವನ್ನು ಮುಚ್ಚಿಡುವುದು ಗುಣವೆಂದು ನಾವು ಕಲಿತು ಬಂದಿದ್ದೇವೆ. ಮುಚ್ಚಿಟ್ಟ ಕಷ್ಟವನ್ನು ಕಾನೂನು ಓದಲಾರದು. ಅತ್ತಿಗೆ ಆಡಿದ ಕಠಿಣವಾದ ಆ ಒಂದು ಮಾತೇ ಕೂಸಿಗೆ ಬಾಗಿಲನ್ನು ತೆರೆಯಿತು.