ಲತಾ, ತುಂಗಾ ಮತ್ತು ಇತರರು

ಕಂಪ್ಯೂಟರಿಗೆ ಫಾಂಟು ತುಂಬುವುದೆಂದರೆ ಅಟ್ಟಕ್ಕೆ ಸಾಮಾನು ಹತ್ತಿಸಿದ ಹಾಗೆ. ಯಾವಾಗ ಹತ್ತಿಸಿದೆವೋ ನೆನಪಿರುವುದಿಲ್ಲ, ಇಳಿಸಲು ಧೈರ್ಯ ಸಾಲದು. ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಲೇಬಲ್ಲು, ಟೀ ಶರ್ಟಿನ ಡಿಸೈನು ಮಾಡಿಕೊಡುವ ನನ್ನಂಥವನ ಮನೆಯಲ್ಲಂತೂ ಕೇಳುವುದೇ ಬೇಡ. ಕೋರೆಲ್ ಡ್ರಾದಲ್ಲಿ ಫಾಂಟುಗಳ ಪಟ್ಟಿ ಬಿಚ್ಚಿಕೊಳ್ಳುವಷ್ಟರಲ್ಲಿ ಕಾಫಿ ಆರಿರುತ್ತದೆ.

ಇಂಗ್ಲಿಷಿನವನ್ನು ತೆಗೆಯಲು ಯೋಚಿಸಬೇಕಿಲ್ಲ. ಬಳ್ಳಿ ಸುತ್ತಿಕೊಂಡವು, ರಕ್ತ ತೊಟ್ಟಿಕ್ಕುವವು, ಎಲ್ಲಕ್ಕೂ ಒಂದೇ ಗತಿ. ಪೇಚು ನಮ್ಮ ಭಾಷೆಯವುಗಳದು. ನಾವು ಕೊಯಮತ್ತೂರಿನ ದೇವಾಂಗರು. ಮನೆಮಾತು ಕನ್ನಡ, ಓದಿದ್ದು ತಮಿಳು. ಕನ್ನಡ ಅಕ್ಷರ ನನಗೆ ಬಂದದ್ದು ಕೊಳ್ಳೇಗಾಲದಿಂದ ಬಂದ ಹೆಂಡತಿಯಿಂದ. ಚೌಡೇಶ್ವರಿ ಹಬ್ಬದ ಕರೆಯೋಲೆಯನ್ನು ಇಲ್ಲಿಯವರಿಗೆ ತಮಿಳಿನಲ್ಲಿ, ಅವಳ ತವರಿಗೆ ಕನ್ನಡದಲ್ಲಿ ಮಾಡುವ ಕೆಲಸ ನನ್ನ ಪಾಲಿನದು. ಹಳೆಯ ಫೈಲುಗಳಲ್ಲಿ ತಮಿಳು ‘ಬಾಮಿನಿ’ ಫಾಂಟಿನಲ್ಲಿದೆ, ಕನ್ನಡ ‘ನುಡಿ’ ಫಾಂಟಿನಲ್ಲಿದೆ.

ಈ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ನಮ್ಮ ಅಕ್ಷರದ ಆಕಾರ ಕೂರಿಸಿದಂಥವು. ಬಾಮಿನಿಯನ್ನು ತೆಗೆದರೆ ಕರೆಯೋಲೆಯ ‘ಅಮ್ಮಾ’ ಇದ್ದಲ್ಲಿ ಎಂ, ಕೆ, ಅರ್ಧವಿರಾಮ, ಕೆ, ಎಚ್ ನಿಂತಿರುತ್ತವೆ. ನುಡಿ ಹೋದರೆ ‘ಕನ್ನಡ’ವೆಂಬುದರ ಶುರುವೇ ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಎ, ಬೆನ್ನಿಗೇ ಒಂದು ಪೌಂಡಿನ ಗುರುತು! ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂದದ್ದು 1998ರಲ್ಲಿ. ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ತಮಿಳುನಾಡು ಸರ್ಕಾರ 1999ರಲ್ಲಿ ತಮಿಳು ಫಾಂಟುಗಳಿಗೆ ಟ್ಯಾಮ್, ಟ್ಯಾಬ್ ಎಂಬ ಶಿಷ್ಟತೆ ತಂದಿತು. ನಮ್ಮ ಕಡೆಯ ಡಿಟಿಪಿ ಅಂಗಡಿಯ ಬಾಮಿನಿ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಎರಡೂ ಲಿಪಿಗೆ ಸ್ವಂತ ಜಾಗ ಸಿಕ್ಕಿತ್ತು. ಮನೆಯ ಕಂಪ್ಯೂಟರಿಗೆ ಅದು ತಲುಪಿದ್ದು ನಿಧಾನವಾಗಿ: ವಿಂಡೋಸ್ 2000ದ ಜೊತೆ ತಮಿಳಿನ ಲತಾ, 2001ರ ಎಕ್ಸ್‌ಪಿ ಜೊತೆ ಕನ್ನಡದ ತುಂಗಾ. ಡಿಟಿಪಿಯ ಹಳೆಯ ಸಾಫ್ಟ್‌ವೇರಿನಲ್ಲಿ ಮಾತ್ರ ಯೂನಿಕೋಡಿನ ಒತ್ತಕ್ಷರ ತನ್ನ ಜಾಗ ಬಿಟ್ಟು ಪಕ್ಕಕ್ಕೆ ಕೂರುತ್ತಿತ್ತು.

ತಿರುಪ್ಪೂರಿನವರ ಪರಿಹಾರ ಒಂದೇ ಮಾತಿನದು: ‘ಕರ್ವ್ಸ್ ಮಾಡಿ ಕಳಿಸಿ.’ ಅಕ್ಷರವೆಲ್ಲ ಬರೀ ಗೆರೆಯಾಗುತ್ತದೆ, ಯಾವ ಕಂಪ್ಯೂಟರಿನಲ್ಲೂ ಕೆಡುವುದಿಲ್ಲ. ಆದರೆ ಮುಂದಿನ ವರ್ಷ ಹಬ್ಬದ ತಾರೀಖು ತಿದ್ದಬೇಕಲ್ಲ, ಗೆರೆಯನ್ನು ತಿದ್ದುವುದು ಹೇಗೆ?

ಅದಕ್ಕೇ ನನ್ನ ಫಾಂಟುಗಳು ಭಾಷೆಯ ಪ್ರಕಾರವಲ್ಲ, ಕೆಲಸದ ಪ್ರಕಾರ ಇವೆ. ತಿದ್ದುವ ಫೈಲು, ಕರ್ವ್ಸ್ ಆದ ಫೈಲು, ಪಿಡಿಎಫ್, ಬಳಸಿದ ಫಾಂಟು, ನಾಲ್ಕೂ ಒಂದೇ ಫೋಲ್ಡರಿನಲ್ಲಿ. ವಿಂಡೋಸಿನೊಳಗೆ ನಿತ್ಯದವು ಮಾತ್ರ. ಮಿಕ್ಕವು ಬೇಕಾದಾಗ ಬಂದು ಕೆಲಸ ಮುಗಿಸಿ ಹೋಗುತ್ತವೆ.

ಮಗಳದು ಒಂದು ತಕರಾರಿದೆ: “ಅಪ್ಪಾ, ತುಂಗಾ ಯಾಕೆ ನಿತ್ಯದ್ದು? ವರ್ಷಕ್ಕೆ ಒಂದು ಸಲ ತಾನೇ?” ನಿಜವೇ. ಅವಳು ಅಜ್ಜಿಯ ಕನ್ನಡ ಹಾಡುಗಳನ್ನು ಟೈಪು ಮಾಡುತ್ತಿರುವುದೂ ತಮಿಳು ಅಕ್ಷರದಲ್ಲೇ, ಲತಾದಲ್ಲಿ. ಕಕಾರ ಗಕಾರ ಎರಡಕ್ಕೂ ಅಲ್ಲಿ ಒಂದೇ ಅಕ್ಷರ. ಅಜ್ಜಿಯ ಉಚ್ಚಾರ ಕೇಳಿ ಬೆಳೆದವಳಿಗೆ ಅದೇನೂ ತೊಡಕಲ್ಲ. ಲೆಕ್ಕ ಹಾಕಿದರೆ ನಮ್ಮ ಮನೆಯ ಕನ್ನಡವನ್ನು ಹೆಚ್ಚು ಹೊತ್ತವಳು ಲತಾಳೇ. ಹಾಗೆಂದು ತುಂಗಾಳನ್ನು ಹೊರಗೆ ಹಾಕಿದರೆ ಕೊಳ್ಳೇಗಾಲದವರಿಗೆ ಉತ್ತರ ಕೊಡುವವರು ಯಾರು? ಕೊಳ್ಳೇಗಾಲದವರು ಹಾಗಿರಲಿ, ಅಡುಗೆಮನೆಗೆ?