ಗುರುವಾರ ಸಂಜೆಯ ಬ್ಯಾಂಜೋ

ಬ್ಯಾಂಜೋ ಎಂದೊಡನೆ ಕರ್ನಾಟಕದಲ್ಲಿ ಹಲವರ ಕಣ್ಣಮುಂದೆ ಬರುವುದು ಟೈಪ್‌ರೈಟರಿನಂತೆ ಕೀಲಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗ. ಅದರ ಮೂಲ ಜಪಾನು. ಅಮೆರಿಕದ ಬ್ಯಾಂಜೋ ಬೇರೆಯೇ ವಾದ್ಯ. ಅದರ ಕಥೆ ಶುರುವಾಗುವುದು ಒಂದು ಸೋರೆಬುರುಡೆಯಿಂದ.

ಆಫ್ರಿಕದಿಂದ ಗುಲಾಮರಾಗಿ ಬಂದವರು ಬುರುಡೆಗೆ ಚರ್ಮ ಬಿಗಿದು, ಕೋಲು ಸಿಕ್ಕಿಸಿ, ತಂತಿ ಕಟ್ಟಿ ಇದನ್ನು ರೂಪಿಸಿದರು. ಹಳೆಯ ಬ್ಯಾಂಜೋಗೆ ವೀಣೆಯಂತೆ ಮೆಟ್ಟಿಲುಗಳಿಲ್ಲ. ಪಿಟೀಲಿನಂತೆ ಕಿವಿಯೇ ಸ್ವರಸ್ಥಾನ ಹುಡುಕಬೇಕು. ಬೆರಳು ಮೇಲಿನಿಂದ ಕೆಳಕ್ಕೆ ತಂತಿಗೆ ಹೊಡೆಯುತ್ತದೆ. ಹೆಬ್ಬೆರಳು ಗಿಡ್ಡ ತಂತಿಯೊಂದನ್ನು ಶ್ರುತಿಯಂತೆ ಮಿಡಿಯುತ್ತಿರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾದರೆ ಚರ್ಮ ಸಡಿಲಗೊಂಡು ಕುದುರೆ ಕುಸಿಯುತ್ತದೆ, ಶ್ರುತಿ ಇಳಿಯುತ್ತದೆ. ಹಾಗಾಗಿ ಇಂಥ ವಾದ್ಯ ಹಿಡಿದು ಕೂತವರು ನುಡಿಸುವಷ್ಟೇ ಹೊತ್ತು ಪಕ್ಕದವರಿಗೆ ಕಿವಿಗೊಡಬೇಕಾಗುತ್ತದೆ.

1840ರ ದಶಕದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು, ಇದನ್ನೇ ನುಡಿಸುತ್ತ, ಕಪ್ಪು ಜನರನ್ನು ರಂಗದ ಮೇಲೆ ಅಣಕಿಸಿ ಹಣ ಮಾಡಿದರು. ಆ ಅವಮಾನದ ನೆನಪೂ ಒಂದು ಕಾರಣವಾಗಿ, 20ನೆಯ ಶತಮಾನದಲ್ಲಿ ಬಹುಪಾಲು ಕಪ್ಪು ಜನ ವಾದ್ಯವನ್ನು ಕೈಬಿಟ್ಟರು. ಅದು ಬಿಳಿಯರ ವಾದ್ಯವೆಂದೇ ಲೋಕ ನಂಬಿತು.

ಉತ್ತರ ಕೆರೊಲಿನದ ಮೆಬೇನ್ ಊರಿನ ಜೋ ಥಾಮ್ಸನ್ ಮಾತ್ರ ಹಳೆಯ ಮಟ್ಟುಗಳನ್ನು ಬಿಟ್ಟಿರಲಿಲ್ಲ. ಪೀಠೋಪಕರಣದ ಕಾರ್ಖಾನೆಯಲ್ಲಿ ದುಡಿದ ಕಪ್ಪು ಪಿಟೀಲುಗಾರ. ಜೊತೆಗೆ ಬ್ಯಾಂಜೋ ನುಡಿಸುತ್ತಿದ್ದ ಸಂಬಂಧಿ ಓಡೆಲ್ 1994ರಲ್ಲಿ ತೀರಿಕೊಂಡಿದ್ದರು. 2005ರಲ್ಲಿ ಅದೇ ರಾಜ್ಯದ ಬೂನ್‌ನಲ್ಲಿ ಕಪ್ಪು ಬ್ಯಾಂಜೋ ಪ್ರಿಯರ ಕೂಟವೊಂದು ನಡೆಯಿತು. ಅಲ್ಲಿ ಕಲೆತ ರಿಯಾನನ್ ಗಿಡೆನ್ಸ್, ಡಾಮ್ ಫ್ಲೆಮನ್ಸ್, ಜಸ್ಟಿನ್ ರಾಬಿನ್ಸನ್ ಎಂಬ ಮೂವರು ಯುವಕಲಾವಿದರು ಪ್ರತಿ ಗುರುವಾರ ಸಂಜೆ ಎಂಬತ್ತು ದಾಟಿದ ಥಾಮ್ಸನ್‌ರ ಮನೆಗೆ ಹೋಗತೊಡಗಿದರು.

ಅಲ್ಲಿ ಪಾಠವಿಲ್ಲ, ಪರೀಕ್ಷೆಯಿಲ್ಲ. ಅಜ್ಜ ನುಡಿಸುತ್ತಿದ್ದರು, ಮಕ್ಕಳು ಜೊತೆಗೂಡುತ್ತಿದ್ದರು, ತಪ್ಪಿದರೆ ಮತ್ತೊಮ್ಮೆ. ಈ ಮೂವರು ಕಟ್ಟಿದ 'ಕೆರೊಲಿನ ಚಾಕೊಲೇಟ್ ಡ್ರಾಪ್ಸ್' ತಂಡಕ್ಕೆ 2011ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಮರುವರ್ಷ ಥಾಮ್ಸನ್ ತೀರಿಕೊಂಡರು. ಅಷ್ಟರಲ್ಲಿ ಅವರ ಮಟ್ಟುಗಳು ಇನ್ನೊಂದು ತಲೆಮಾರಿನ ಕೈ ಸೇರಿದ್ದವು.

ಪ್ರಶಸ್ತಿ ಬರದಿದ್ದರೂ ಆ ಗುರುವಾರಗಳು ವ್ಯರ್ಥವಾಗುತ್ತಿರಲಿಲ್ಲ. ನಮ್ಮ ಊರುಗಳ ಭಜನೆ, ಸೋಬಾನೆಗಳೂ ಉಳಿದು ಬಂದದ್ದು ಹೀಗೆ ಜೊತೆಗೆ ಕೂತವರಿಂದಲೇ. ಟ್ಯೂಷನ್ನಿನ ನಡುವೆ ವಾರಕ್ಕೊಂದು ಸಂಜೆ ಬಿಡುವಾದರೆ, ಮಕ್ಕಳನ್ನು ಅಜ್ಜಿಯ ಪಕ್ಕ ಕೂರಲು ಬಿಟ್ಟರೆ ಸಾಕು. ಆಕೆಗೆ ಬರುವ ಹಾಡು ಬೇರೆ ಯಾರಿಗೂ ಬಾರದಿರಬಹುದು.