ಸತ್ತವರ ಹೆಸರಿನ ಹೊಲ

ಮೃತ್ಯುಪತ್ರ, ವಾಟ್ನಿ, ವಾರಸಾ ಇವೆಲ್ಲ ಉಳ್ಳವರ ಮನೆಯ ಮಾತು ಎಂದೇ ನಮ್ಮ ಕೇರಿ ನಂಬಿದೆ. ಬಿಟ್ಟು ಹೋಗಾಕ ಏನರ ಇದ್ದರ ಅಲ್ಲೇನು ಬರೆದಿಡೋದು? ನಮ್ಮ ಹಿರೇರು ನಮಗೆ ಬಿಟ್ಟದ್ದು ಹಲಗಿ, ಸಾಲ, ಗೌಡರ ಮನೆಯ ಬಿಟ್ಟಿ ಚಾಕರಿ. ಅದಕ್ಕೆ ಕಾಗದ ಬೇಕಿರಲಿಲ್ಲ. ಅಪ್ಪನ ಹೆಗಲಿನಿಂದ ಮಗನ ಹೆಗಲಿಗೆ ಅದು ತಾನಾಗಿಯೇ ಬರುತ್ತಿತ್ತು.

ಲಕ್ಷ್ಮೇಶ್ವರದ, ಅಂದರೆ ಹಳೆಯ ಪುಲಿಗೆರೆಯ, ದಾನಶಾಸನಗಳನ್ನು ನೋಡಿ. ಗುಡಿಗೆ, ಬಸದಿಗೆ ಕೊಟ್ಟ ಭೂಮಿಯ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಉಳ್ಳವರು ಸಾವಿರ ವರ್ಷದ ಹಿಂದೆಯೇ ತಮ್ಮ ಆಸ್ತಿಗೆ ಕಲ್ಲಿನ ಕಾವಲು ಹಾಕಿಕೊಂಡರು. ನಮಗೆ ಕಾಗದದ ಕಾವಲೂ ಇಲ್ಲ.

ಮುಂಡರಗಿ ಸೀಮೆಯಲ್ಲಿ ನಮ್ಮಜ್ಜನಿಗೆ ಸರಕಾರದಿಂದ ಎರಡೆಕರೆ ಮಸಾರಿ ಮಂಜೂರಾಗಿತ್ತು. ಗದಗದಲ್ಲಿ ಬಿ.ಎ. ಓದಿ ಬಂದ ಮೇಲೆ ಆ ಹೊಲದ ಉತಾರವನ್ನು ನಮ್ಮ ಮನೆಯಲ್ಲಿ ಮೊದಲ ಸಲ ಓದಿದವನು ನಾನು. ಅಜ್ಜ ಸತ್ತು ವರ್ಷಗಳಾಗಿವೆ, ಉತಾರದಾಗ ಮಾತ್ರ ಇನ್ನೂ ಬದುಕ್ಯಾನ! ಸತ್ತವನ ಹೆಸರಿಗೆ ಬೆಳೆಸಾಲ ಯಾರು ಕೊಡ್ತಾರ? ಖಾತೆ ಬದಲಿಸಲು ಮರಣ ದಾಖಲೆ, ವಂಶವೃಕ್ಷ ಬೇಕು. ಅಜ್ಜನ ಸಾವನ್ನು ಯಾರೂ ಬರೆಸಿರಲಿಲ್ಲ. ಅಷ್ಟರಲ್ಲಿ ಅಪ್ಪ, ಕಾಕಾ ಇಬ್ಬರೂ ಬದುವಿನ ಮೇಲೆ ಜಗಳಾಡಿ ಮಾತು ಬಿಟ್ಟರು. ಶಿರಹಟ್ಟಿಗೆ ಕೊಟ್ಟ ಸೋದರತ್ತೆಯ ಹೆಸರನ್ನಂತೂ ಯಾರೂ ಎತ್ತಲಿಲ್ಲ. "ಕೊಟ್ಟ ಹೆಣ್ಣು ಕುಲಕ್ಕ ಹೊರಗ" ಅಂದರು. ಅತ್ತಿ ಗಂಡನನ್ನು ಕಳಕೊಂಡು ಕೂಲಿ ಮಾಡ್ತಾಳ.

ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಭಾಗದಲ್ಲಿ ಗಂಡು ಸಂತಾನ ಇಲ್ಲದ ಮನೆಯವರು ಮಗಳಿಗೆ ಮುತ್ತು ಕಟ್ಟಿಸಿ ದೇವದಾಸಿ ಮಾಡುತ್ತಿದ್ದರು. ಮುತ್ತು ಕಟ್ಟಿದವಳು ಗಂಡುಮಗನ ಲೆಕ್ಕ. ತವರಿನ ಹೊಲ, ಮನೆ ಅವಳಿಗೆ. ಒಂದು ತುಂಡು ನೆಲ ಮನೆಯಲ್ಲಿ ಉಳಿಯಲೆಂದು ಒಂದು ಹುಡುಗಿಯ ಇಡೀ ಬಾಳನ್ನು ಒತ್ತೆ ಇಟ್ಟರು. ಮುತ್ತು ಕಟ್ಟುವುದು ಅಪರಾಧವೆಂದು ಕರ್ನಾಟಕ 1982ರಲ್ಲಿ ಕಾಯಿದೆ ಮಾಡಿತು. ಆದರೆ ಮುತ್ತಿಲ್ಲದೆಯೂ ಮಗಳಿಗೆ ಪಾಲು ಐತಿ ಎಂಬ ಮಾತು ಕೇರಿಗೆ ಬಂದು ಮುಟ್ಟಿತೇ?

ಆ ಪಾಲಿಗಾಗಿ ಬಡಿದಾಡಿದವರು ಬಾಬಾಸಾಹೇಬರು. ಹಿಂದೂ ಕೋಡ್ ಬಿಲ್ಲನ್ನು ತಡೆದಿಟ್ಟಾಗ 1951ರಲ್ಲಿ ಅವರು ಮಂತ್ರಿಗಿರಿ ಬಿಟ್ಟು ಹೊರಬಂದರು. 1956ರ ಉತ್ತರಾಧಿಕಾರ ಕಾಯಿದೆ ಅಪ್ಪನ ಸ್ವಂತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿತು. ಬೌದ್ಧರಾದವರಿಗೂ ಅದೇ ಕಾಯಿದೆ. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಪಾಲು ಎಂಬುದು 2005ರ ತಿದ್ದುಪಡಿ. ಆ ಹೊತ್ತಿಗೆ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು.

ನಮಗೆ ಮಂಜೂರಾದ ಹೊಲವನ್ನು ಸರಕಾರದ ಅನುಮತಿಯಿಲ್ಲದೆ ಮಾರಿದರೆ ಆ ಮಾರಾಟ ನಿಲ್ಲದು ಎನ್ನುತ್ತದೆ 1978ರ ಪಿಟಿಸಿಎಲ್ ಕಾಯಿದೆ. ದಾನ, ಒತ್ತೆ, ಲಾವಣಿಗೂ ಅದೇ ತಡೆ. ಮನೆಯೊಳಗಿನ ವಾಟ್ನಿಗೆ, ಮೃತ್ಯುಪತ್ರಕ್ಕೆ ಮಾತ್ರ ಆ ತಡೆ ಇಲ್ಲ. ಹಂಗ ಕೈಬಿಟ್ಟ ಹೊಲ ತಿರುಗಿ ಬರೋದು ಮಂಜೂರಿ ಪಡೆದವನಿಗೆ, ಇಲ್ಲಾ ಅವನ ವಾರಸುದಾರರಿಗೆ. ವಾರಸುದಾರರು ಯಾರೆಂದು ಕಾಗದದಲ್ಲಿ ಇಲ್ಲದಿದ್ದರೆ ಗೆದ್ದ ಹೊಲವೂ ಕೈಗೆ ಬರೋದು ಕಷ್ಟ.

ಗೆಳೆಯರೇ, ಮೃತ್ಯುಪತ್ರಕ್ಕೆ ಛಾಪಾ ಕಾಗದ ಬೇಕಿಲ್ಲ. ಬಿಳಿ ಹಾಳೆ ಸಾಕು. ಬರೆಸುವವರ ಸಹಿ ಅಥವಾ ಹೆಬ್ಬೆಟ್ಟು, ಅದನ್ನು ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳ ಸಹಿ ಇದ್ದರಾಯಿತು. ಹೊಲ ಪಡೆಯುವವರು ಸಾಕ್ಷಿ ಹಾಕದಿರುವುದು ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ನಾಳೆ ತಕರಾರು ಕಡಿಮೆ. ಬದುಕಿರುವ ತನಕ ಬದಲಿಸಬಹುದು. ಪಿತ್ರಾರ್ಜಿತವಾದರೆ ತನ್ನ ಪಾಲಿನಷ್ಟನ್ನೇ ಬರೆಯಬಹುದು, ಮಗಳ ಪಾಲನ್ನು ಅಳಿಸಲು ಬರುವುದಿಲ್ಲ. ನಮ್ಮ ಹಿರೇರ ಹೆಬ್ಬೆಟ್ಟು ಸಾವುಕಾರನ ಸಾಲದ ಪತ್ರಕ್ಕೆ ನಡೀತಿತ್ತು. ಅದೇ ಹೆಬ್ಬೆಟ್ಟು ಮಗಳ ಹೆಸರಿಗೆ ಹೊಲ ಬರೆಯಾಕೂ ನಡೀತೈತಿ.

ಬೆಟಗೇರಿಯ ಓಣಿಯಲ್ಲೋ ಮುಂಡರಗಿಯ ಹಳ್ಳಿಯಲ್ಲೋ ಕಲಿಸುವ ಮೇಷ್ಟ್ರೇ, ಈ ರಜೆಯಲ್ಲಿ ಕೇರಿಗೆ ಬನ್ನಿ. ಒಂದೊಂದು ಮನೆಯ ಉತಾರ ಓದಿ ಹೇಳಿ. ಸತ್ತವರ ಹೆಸರು ಎಷ್ಟಿವೆ, ಹೆಣ್ಣುಮಕ್ಕಳ ಹೆಸರು ಎಷ್ಟು ಬಿಟ್ಟುಹೋಗಿವೆ, ಪಟ್ಟಿ ಮಾಡೋಣ. ನಾನು ಶಿರಹಟ್ಟಿಗೆ ಹೊರಟೀನಿ. ವಂಶವೃಕ್ಷದ ಅರ್ಜಿಯಲ್ಲಿ ಅತ್ತಿಯ ಹೆಸರು ಬರೆದೀನಿ. ಅಪ್ಪ ಇನ್ನೂ ಸಹಿ ಹಾಕಿಲ್ಲ.